ಗಜಪಲಾಂಡು ಪ್ರಸಂಗ

(ಲಾಸಲಗಾಂವದ ಈರುಳ್ಳಿ ಮಾರುಕಟ್ಟೆಯ ಹರಾಜುಕಟ್ಟೆ.)

ರಾಯರು: ಪಾಟೀಲರೇ, ಇಂಗ್ಲೆಂಡಿನ ಹ್ಯಾರೊಗೇಟ್ ಪ್ರದರ್ಶನದಲ್ಲಿ 2023ರಲ್ಲಿ 8.97 ಕಿಲೋ ತೂಗಿ ವಿಶ್ವವಿಕ್ರಮವನ್ನು ಸ್ಥಾಪಿಸಿದ ಈರುಳ್ಳಿಯಂತಹುದೊಂದನ್ನು, ಗಾಜಿನ ಮನೆ, ಕೃತಕ ದೀಪ, ವಿಶೇಷ ಗೊಬ್ಬರಗಳಿಂದ ಲಾಲಿಸಿ, ತಾವೂ ಏತಕ್ಕೆ ಬೆಳೆಯಬಾರದು?

ಪಾಟೀಲರು: ವೆಚ್ಚ?

ರಾಯರು: ವಿದ್ಯುತ್ತು, ಗೊಬ್ಬರಗಳ ಬೆಲೆ ಗಗನಕ್ಕೇರಿರುವುದರಿಂದ ಬಹುಮಾನದ ಹಣ ಯಾತಕ್ಕೂ ಸಾಲದು, ಆದರೆ ಕೀರ್ತಿಯೋ ಅಪಾರ!

ಪಾಟೀಲರು: ಸುಗ್ಗಿಯೊದಗಿದೊಡನೆ ಧಾರಣೆ ಕುಸಿಯುವುದನ್ನೂ, ಧಾರಣೆ ಏರಿದೊಡನೆ 2023ರ ಆಗಸ್ಟಿನಲ್ಲಿ ಶೇಕಡ 40ರ ರಫ್ತು ಸುಂಕವೂ ಡಿಸೆಂಬರಿನಲ್ಲಿ ರಫ್ತು ನಿಷೇಧವೂ ಬಂದುದನ್ನೂ ಕಂಡ ನಾವು, ನಷ್ಟಕ್ಕೆಂದೇ ಬೆಳೆಯುವ ಕಲೆಯಲ್ಲಿ ಆಗಲೇ ಪಾರಂಗತರು, ರಾಯರೇ.

ರಾಯರು: ಆದರೂ ಗಾತ್ರವೆಂಬುದೊಂದಿದೆಯಲ್ಲ?

ಪಾಟೀಲರು: ಇಲ್ಲಿ ಗಡ್ಡೆಗಿಂತ ಸಾಲವೇ ಹುಲುಸಾಗಿ ಬೆಳೆಯುತ್ತದೆ. ಅದನ್ನು ಸ್ಪರ್ಧೆಗೆ ಸ್ವೀಕರಿಸುವರೇ, ದಯವಿಟ್ಟು ವಿಚಾರಿಸಿ ತಿಳಿಸಿ.