ದಾರಿ ತಪ್ಪಿ ಬಂದ ಲಕ್ಷ್ಮಿ

ಕೆಲಸ ಬಿಟ್ಟವನಿಗೆ ಹಳೆಯ ಕಂಪನಿಯಿಂದ ಬರಬೇಕಾದ್ದು ಬಹಳ ಇರುತ್ತದೆ: ರಿಲೀವಿಂಗ್ ಲೆಟರು, ಅನುಭವ ಪತ್ರ, ಫಾರ್ಮ್ 16, ಉಳಿದ ರಜೆಯ ದುಡ್ಡು. ಇವು ಯಾವುವೂ ಕೇಳದೆ ಬರುವುದಿಲ್ಲ, ಕೇಳಿದರೂ ಬೇಗ ಬರುವುದಿಲ್ಲ. ಬರಬಾರದ್ದು ಮಾತ್ರ ತಿಂಗಳ ಕೊನೆಯ ದಿನ, ಬೆಳಗಿನ ಕಾಫಿಗೂ ಮುಂಚೆ, ತಾನಾಗಿ ಬಂದು ಖಾತೆಯಲ್ಲಿ ಕೂತಿತ್ತು. 1,10,655 ರೂಪಾಯಿ. ಲೆಕ್ಕ ಚುಕ್ತಾ ಆಗಿ, ಲ್ಯಾಪ್‌ಟಾಪು, ಐಡಿ ಕಾರ್ಡು ಎಲ್ಲ ಒಪ್ಪಿಸಿ ಬಂದ ಮರುತಿಂಗಳಿನ ಪೂರ್ತಿ ಸಂಬಳ. ಹಿಂದೆಯೇ ಇಮೇಲಿಗೆ ಪೇಸ್ಲಿಪ್ಪೂ ಬಂತು. ಅದರಲ್ಲಿ ನನ್ನ ಹಾಜರಿ ನೂರಕ್ಕೆ ನೂರು. ಕೆಲಸದಲ್ಲಿದ್ದಾಗ ಒಂದು ತಿಂಗಳೂ ಕೈಗೂಡದ ಸಾಧನೆ ಕೆಲಸ ಬಿಟ್ಟ ಮೇಲೆ ಕೈಗೂಡಿತ್ತು.

“ಮುಟ್ಟಬೇಡಿ ರೀ, ಅಲ್ಲೇ ಇರಲಿ” ಎಂದಳು ಹೆಂಡತಿ. ಕಾಫಿ ಲೋಟ ತೊಳೆದಿಟ್ಟು ಬಂದವಳು, “ಅಲ್ಲಿರೋವಷ್ಟು ದಿನದ ಬಡ್ಡಿ ನಮ್ಮದೇ ತಾನೆ?” ಎಂದೂ ಕೇಳಿದಳು. ಹಾಸನದಿಂದ ಬಂದಿದ್ದ ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಇನ್‌ಕ್ರಿಮೆಂಟು ಹೆಚ್ಚಾಗಿ ಬಿದ್ದು, ಆಡಿಟ್‌ನವರು ಬಂದು, ರಿಕವರಿ ಹಾಕಿಹೋದ ಕತೆಗಳನ್ನು ಸ್ಟಾಫ್ ರೂಮಿನಲ್ಲಿ ಕೇಳುತ್ತಲೇ ತಲೆ ನರೆಸಿಕೊಂಡವರು. “ರಿಟೈರ್ ಆದವರ ಹತ್ರ, ಸಿ, ಡಿ ವರ್ಗದ ನೌಕರರ ಹತ್ರ ಹೀಗೆ ವಸೂಲಿ ಮಾಡಬಾರದು ಅಂತ 2014ರಲ್ಲಿ ಪಂಜಾಬಿನ ರಫೀಕ್ ಮಸೀಹ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮಗೆ ರಕ್ಷಣೆ ಇದೆ. ನೀನು ಪ್ರೈವೇಟು, ನಿನಗಿಲ್ಲ ಕಣೋ” ಎಂದು ಪೇಪರಿನ ಪುಟ ತಿರುವಿದರು. ನಾನು ಐಟಿಗೆ ಸೇರಿದ ದಿನದಿಂದ ಅವರು ಹುಡುಕುತ್ತಿದ್ದ ವಾದ ಕೊನೆಗೂ ಸಿಕ್ಕಿದಂತಿತ್ತು.

ಗೆಳೆಯನೊಬ್ಬ ಚಿಲಿ ದೇಶದ ಉದಾಹರಣೆ ತೆಗೆದ. 2022ರಲ್ಲಿ ಅಲ್ಲಿ ಒಬ್ಬ ನೌಕರನಿಗೆ ಸುಮಾರು 5 ಲಕ್ಷ ಪೆಸೊ ಸಂಬಳದ ಬದಲು 16.5 ಕೋಟಿ ಪೆಸೊ ಜಮೆಯಾಯಿತು. ವಾಪಸ್ ಕೊಡುತ್ತೇನೆಂದು ಒಪ್ಪಿಕೊಂಡವನು ಆಮೇಲೆ ರಾಜೀನಾಮೆ ಕೊಟ್ಟು ನಾಪತ್ತೆಯಾದ. “ನಿಂದು ರಾಜೀನಾಮೆ ಹೇಗೂ ಆಗಿದೆಯಲ್ಲೋ, ಇನ್ನರ್ಧ ಕೆಲಸ ಅಷ್ಟೇ” ಎಂದ ಗೆಳೆಯ. ಆದರೆ ತಲೆಮರೆಸಿಕೊಳ್ಳಬೇಕೆಂದರೂ ಒಂದು ಮನೆ ಬೇಕು. ನನಗೆ ಬಂದ ಮೊತ್ತ ಬೆಂಗಳೂರಿನಲ್ಲಿ ಆ ಮನೆಯ ಅಡ್ವಾನ್ಸಿಗೂ ಸಾಲದು.

ಮೇಲಿನ ಮನೆಯ ವಕೀಲರು ಚರ್ಚೆಗೆ ತೆರೆ ಎಳೆದರು. 1872ರ ಕರಾರು ಕಾಯ್ದೆ, 72ನೇ ಕಲಂ: ತಪ್ಪಿ ಬಂದ ಹಣವನ್ನು ಹಿಂತಿರುಗಿಸಲೇಬೇಕು. ಕಾಯ್ದೆಯೇ ಉದಾಹರಣೆಯನ್ನೂ ಕೊಡುತ್ತದೆ. ಎ ಮತ್ತು ಬಿ ಸೇರಿ ಸಿಗೆ ನೂರು ರೂಪಾಯಿ ಕೊಡಬೇಕು. ಎ ಕೊಟ್ಟಾಯಿತು. ಅದು ಗೊತ್ತಿಲ್ಲದ ಬಿ ಮತ್ತೆ ನೂರು ಕೊಟ್ಟ. ಸಿ ಆದವನು ಬಿಯ ನೂರನ್ನು ಅವನಿಗೆ ಮರಳಿಸತಕ್ಕದ್ದು. ಸರಿ ಸ್ವಾಮಿ, ನಾನೇ ಆ ಸಿ. ಆದರೆ 1872ರ ಸಿಗೆ ದುಡ್ಡು ಮರಳಿಸಲು ಲಾಗಿನ್ ಬೇಕಿರಲಿಲ್ಲ.

ನನಗೆ ಬೇಕಿತ್ತು. ಮ್ಯಾನೇಜರಿಗೆ ಮೇಲ್ ಹಾಕಿದರೆ ಅವರೂ ಕಂಪನಿ ಬಿಟ್ಟಿದ್ದರು. ಸಹಾಯವಾಣಿಗೆ ಫೋನಿಸಿದೆ.

“ಈ ಎಂಪ್ಲಾಯಿ ಐಡಿ ಆಕ್ಟಿವ್ ಇಲ್ಲ ಸರ್.”

“ಸಂಬಳ ಬಂದಿದೆಯಲ್ಲಮ್ಮ?”

“ಸಂಬಳ ಬರೋಕೆ ಆಕ್ಟಿವ್ ಇರಬೇಕಿಲ್ಲ ಸರ್, ಟಿಕೆಟ್ ರೈಸ್ ಮಾಡೋಕೆ ಇರಬೇಕು.”

ಫೈನಾನ್ಸ್‌ನವರದು ಇನ್ನೊಂದು ಪ್ರಶ್ನೆ: ದುಡ್ಡು ಕೊಡುವ ನೀವು ಕಸ್ಟಮರ್ರೋ, ವೆಂಡರ್ರೋ? ಕಸ್ಟಮರ್ ಆದರೆ ಯಾವ ಇನ್‌ವಾಯ್ಸಿಗೆ ಕಟ್ಟುತ್ತಿದ್ದೀರಿ? ವೆಂಡರ್ ಆದರೆ ಜಿಎಸ್‌ಟಿ ನಂಬರ್ ಕೊಡಿ. ಎರಡೂ ಅಲ್ಲದೆ ಸುಮ್ಮನೆ ದುಡ್ಡು ಕೊಡಲು ಬರುವ ಮನುಷ್ಯನಿಗೆ ಅವರ ಸಾಫ್ಟ್‌ವೇರಿನಲ್ಲಿ ಜಾಗವಿರಲಿಲ್ಲ.

ಹೀಗೆ ದುಡ್ಡು ಹಿಡಿದು ಬಾಗಿಲು ಬಾಗಿಲು ಅಲೆಯುತ್ತಿದ್ದವನಿಗೆ ಒಂದು ದಿನ ಗಡಸು ಭಾಷೆಯ ನೋಟಿಸ್ ಬಂತು: ಅಕ್ರಮವಾಗಿ ಇಟ್ಟುಕೊಂಡಿರುವ 1,20,000 ರೂಪಾಯಿಯನ್ನು 7 ದಿನದೊಳಗೆ ಪಾವತಿಸಿ. ಬಂದದ್ದು 1,10,655, ಕೇಳುತ್ತಿರುವುದು 1,20,000! ನಡುವಿನ 9,345ರ ಜಾತಕ ಪೇಸ್ಲಿಪ್ಪಿನಲ್ಲಿತ್ತು: ಪಿಎಫ್ 1,800, ವೃತ್ತಿ ತೆರಿಗೆ 200, ಟಿಡಿಎಸ್ 7,345. ಮಾಡದ ಕೆಲಸಕ್ಕೆ, ಕೇಳದ ಸಂಬಳಕ್ಕೆ, ರಾಜ್ಯಕ್ಕೂ ಕೇಂದ್ರಕ್ಕೂ ನಾನು ತೆರಿಗೆ ಕಟ್ಟಿಬಿಟ್ಟಿದ್ದೆ. ಅದನ್ನೂ ಈಗ ಕಂಪನಿಗೆ ಜೇಬಿನಿಂದ ತುಂಬಬೇಕು. ತ್ರೈಮಾಸಿಕ ಟಿಡಿಎಸ್ ರಿಟರ್ನನ್ನು ತಿದ್ದಿ ಸಲ್ಲಿಸಿದರೆ ಸರಿಹೋಗುತ್ತದಲ್ಲ ಎಂದೆ. “ಆ ಕ್ವಾರ್ಟರ್ ಕ್ಲೋಸ್ ಆಗಿದೆ ಸರ್” ಎಂದರು, ಸತ್ತವರ ಸುದ್ದಿ ಹೇಳುವ ದನಿಯಲ್ಲಿ.

ಅಷ್ಟರಲ್ಲಿ ಹೊಸ ಕಂಪನಿಯ ಎಚ್‌ಆರ್ ಕರೆಸಿದರು. ನನ್ನ ಪಿಎಫ್ ಪಾಸ್‌ಬುಕ್ಕಿನಲ್ಲಿ ಒಂದೇ ತಿಂಗಳಿಗೆ ಎರಡು ಕಂಪನಿಗಳ ವಂತಿಗೆ ಜಮೆಯಾಗಿತ್ತು. 2022ರಲ್ಲಿ ಐಟಿ ಕಂಪನಿಗಳು ಮೂನ್‌ಲೈಟಿಂಗ್ ಎಂದು ಹುಯಿಲೆಬ್ಬಿಸಿದಾಗಿನಿಂದ ಇಂಥದ್ದಕ್ಕೆ ಎಲ್ಲರ ಕಣ್ಣೂ ಚುರುಕು. “ಆ ತಿಂಗಳು ಎರಡು ಕಡೆ ಕೆಲಸ ಮಾಡಿದ್ರಾ?” ಎಂದು ಕೇಳಿದರು. ಆ ತಿಂಗಳು ಹಳೆಯ ಕಡೆ ನಾನಿರಲಿಲ್ಲ. ಹೊಸ ಕಡೆ ಇಂಡಕ್ಷನ್ ಎಂದು ಕೂರಿಸಿ, ಕಂಪನಿಯ ಮೌಲ್ಯಗಳ ಬಗ್ಗೆ ಸ್ಲೈಡು ತೋರಿಸುತ್ತಿದ್ದರು. ಎರಡೂ ಕಡೆ ಕೆಲಸ ಮಾಡಿಲ್ಲವೆಂಬ ಪರಮಸತ್ಯ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನೋಟಿಸ್ ತೆಗೆದು ತೋರಿಸಿದೆ. ನನ್ನನ್ನು ಕಳ್ಳನೆಂದು ಬರೆದ ಕಾಗದವೇ ನಾನು ನಿರಪರಾಧಿ ಎಂಬುದಕ್ಕೆ ಸಾಕ್ಷಿಯಾಯಿತು.

ವಕೀಲರು ಬರೆದುಕೊಟ್ಟ ಅರ್ಧ ಪುಟದ ಉತ್ತರ ಹೋದ ಮೇಲೆ ಹಳೆಯ ಕಂಪನಿ ಮೆತ್ತಗಾಯಿತು. ಕೈಗೆ ಬಂದಷ್ಟನ್ನೇ ಕೊಡಿ, ಪಿಎಫ್, ಟಿಡಿಎಸ್ ನಾವು ನೋಡಿಕೊಳ್ಳುತ್ತೇವೆ ಎಂದರು. ಮುಚ್ಚಿದ ಕ್ವಾರ್ಟರು ತೆರೆಯಿತು. ಎನ್‌ಇಎಫ್‌ಟಿ ಮಾಡಿ, ನೋ ಡ್ಯೂಸ್ ಪತ್ರ ಕೈಗೆ ಬರುವವರೆಗೆ ಬಿಡದೆ ಕಾಡಿ ತೆಗೆದುಕೊಂಡೆ. ಬಡ್ಡಿ ಎಷ್ಟಾಯಿತೆಂದು ಹೆಂಡತಿ ಲೆಕ್ಕ ಹಾಕಿದಳು. ವಕೀಲರ ಮನೆಗೆ ಒಯ್ದ ಮೈಸೂರು ಪಾಕಿಗೆ ಅದು ಸರಿಹೋಯಿತು.

ಕೆಲವು ದಿನ ಬಿಟ್ಟು ಹಳೆಯ ಎಚ್‌ಆರ್ ಮೇಡಂ ಫೋನ್ ಮಾಡಿದರು. “ನಿಮ್ಮಂಥ ಪ್ರಾಮಾಣಿಕರು ಸಿಗೋದು ಕಷ್ಟ ಸರ್. ವಾಪಸ್ ಬಂದ್ಬಿಡಿ, ನಿಮ್ಮ ಪೋಸ್ಟ್ ಇನ್ನೂ ಖಾಲಿ ಇದೆ.”

“ಹಳೇ ಸಂಬಳಕ್ಕೆ ಶೇಕಡಾ 10 ಸೇರಿಸಿ ಕೊಡ್ತೀರಾ?”

“ಸಾರಿ ಸರ್, ಬಜೆಟ್ ಇಲ್ಲ.”

ನಿಜವೇ. ಇಲ್ಲದವರಿಗೆಲ್ಲ ಪೂರ್ತಿ ಸಂಬಳ ಕೊಡುತ್ತಿದ್ದರೆ ಇರುವವರಿಗೆ ಬಜೆಟ್ ಎಲ್ಲಿಂದ ಬಂದೀತು?