ಗ್ರಾಂಟ್ ರೋಡ್ ಶುಂಠಿ ಬಿಸ್ಕತ್ತು: ಒಂದು ಮೂಲಶೋಧ

ಸ್ವೀಡನ್ನಿನವರು ಕ್ರಿಸ್ಮಸ್ಸಿಗೆ ಸುಟ್ಟುಕೊಳ್ಳುವ ಪೆಪ್ಪರ್‌ಕಾಕೋರ್ ಎಂಬ ತೆಳ್ಳನೆಯ ಶುಂಠಿ ಬಿಸ್ಕತ್ತು ಮೂಲತಃ ಯಾರದು? ಈ ಪ್ರಶ್ನೆಗೆ ಕನ್ನಡ ವಿದ್ವಾಂಸರು ಕೈಹಾಕಿಲ್ಲ, ಏಕೆಂದರೆ ಯಾರೂ ಕೇಳಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದೇ ಸಂಶೋಧನೆಯಾದ್ದರಿಂದ ಈ ಪ್ರಬಂಧ.

ಮೊದಲು ಪೂರ್ವಪಕ್ಷ. ವಾಡ್‌ಸ್ಟೇನಾ ಮಠದ ಸಂನ್ಯಾಸಿನಿಯರು 15ನೇ ಶತಮಾನದಲ್ಲೇ ಇದನ್ನು ಅಜೀರ್ಣಕ್ಕೆ ಮದ್ದಾಗಿ ಮಾಡುತ್ತಿದ್ದರಂತೆ. ಸದಾ ಮಂಕಾಗಿರುತ್ತಿದ್ದ ದೊರೆ ಹಾನ್ಸನಿಗೆ ವೈದ್ಯರು ಇದನ್ನೇ ತಿನ್ನಿಸಿದರಂತೆ. ತಿಂದವರು ಸಾಧುಗಳಾಗುತ್ತಾರೆಂದು ಇಂದಿಗೂ ಅಲ್ಲಿ ನಂಬಿಕೆ. ಇರಲಿ, ಒಳಗಿರುವುದೇನು? ಒಣಶುಂಠಿ, ದಾಲ್ಚಿನ್ನಿ, ಲವಂಗ, ಕೆಲವರ ಮನೆಯಲ್ಲಿ ಏಲಕ್ಕಿ. ಇದರಲ್ಲಿ ಒಂದಾದರೂ ಸ್ವೀಡನ್ನಿನ ಹಿಮದಲ್ಲಿ ಬೆಳೆಯುತ್ತದೆಯೇ? ಜೀರಿಗೆ, ಕೊತ್ತಂಬರಿ ಬಿಟ್ಟರೆ ಇದು ನಮ್ಮ ಅಜ್ಜಿಯ ಕಷಾಯದ ಪುಡಿಯೇ ಸೈ. ಅಲ್ಲಿನ ಚಳಿಗೆ ಕಷಾಯ ಹೆಪ್ಪುಗಟ್ಟಿತು, ಬಿಸ್ಕತ್ತಾಯಿತು.

ಇದಕ್ಕೂ ಮುಂಬೈಯ ಗ್ರಾಂಟ್ ರೋಡಿಗೂ ಏನು ಸಂಬಂಧ ಎನ್ನುವವರಿಗೆ ದಾಖಲೆಯೇ ಇದೆ. 1731ರಲ್ಲಿ ಹುಟ್ಟಿದ ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು 1750ರಲ್ಲಿ ಹೊರಟು ಸೂರತ್ತಿಗೆ ಬಂತು. ಅದರ ಪಾದ್ರಿ ಊಲೊಫ್ ಟೊರೇನ್, ಸಸ್ಯಶಾಸ್ತ್ರಜ್ಞ ಲಿನೇಯಸನ ಶಿಷ್ಯ. ಕಂಡದ್ದನ್ನೆಲ್ಲ ಗುರುವಿಗೆ ಕಾಗದ ಬರೆದವನು. ಅವನ ಜೇಬಿನಲ್ಲಿ ಬಿಸ್ಕತ್ತು ಇರಲಿಲ್ಲವೆಂದು ಯಾರೂ ಸಾಧಿಸಿಲ್ಲ, ಆದ್ದರಿಂದ ಇತ್ತು. ಮುಂದೆ 1864ರ ನವೆಂಬರಿನಲ್ಲಿ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಸೂರತ್ತಿನ ಕಡೆಯಿಂದ ಗ್ರಾಂಟ್ ರೋಡಿನವರೆಗೆ ಹಳಿ ಮುಗಿಸಿತು. ಬಿಸ್ಕತ್ತು ಬಂದಿಳಿಯಿತು. ನಡುವಿನ ನೂರು ವರ್ಷದ ವಿಳಂಬಕ್ಕೆ ಸಿಗ್ನಲ್ ತೊಂದರೆಯೇ ಕಾರಣವೆಂದು ಪಶ್ಚಿಮ ರೈಲ್ವೆಯ ದಿನನಿತ್ಯದ ಪ್ರಯಾಣಿಕರು ಒಪ್ಪುತ್ತಾರೆ.

ಸ್ಟೇಷನ್ನಿನ ಪಕ್ಕದಲ್ಲೇ 1914ರಲ್ಲಿ ಶುರುವಾದ ಇರಾನಿ ಬೇಕರಿ ಬಿ. ಮೇರ್ವಾನ್ ಹೆಸರಾದದ್ದು ಮಾವಾ ಕೇಕಿಗೆ. ಮಾವಾದಲ್ಲಿ ಶುಂಠಿಯಿಲ್ಲ, ಇದು ತೊಡಕು. ಸಿದ್ಧಾಂತಕ್ಕೆ ಒಗ್ಗದ ಸಾಕ್ಷ್ಯವನ್ನು ನುಂಗಿಬಿಡುವುದು ವಿದ್ವತ್ ಪರಂಪರೆ. ಹಾಗೆಯೇ ಮಾಡಲಾಯಿತು, ಚಹಾದೊಂದಿಗೆ.

ಇನ್ನು ಪ್ರಯೋಗ. ಮೈದಾ 400 ಗ್ರಾಂ, ಸಕ್ಕರೆ 200, ಬೆಣ್ಣೆ 150, ಮಸಾಲೆ ಪುಡಿ ಒಂದೊಂದು ಚಮಚ, ಅಡುಗೆ ಸೋಡಾ ಒಂದು ಚಮಚ, ಹಿಟ್ಟು ಕೂಡುವಷ್ಟು ನೀರು. ಸ್ವೀಡಿಷರ ಸಿರಪ್ಪಿಗೆ ಬದಲು ಮರಾಠಿ ಅಂಗಡಿಯ ಕಾಕ್ವಿ. ಶಿರಸಿಯ ನೆಂಟರು ಬಂದಿದ್ದರೆ ಜೋನಿ ಬೆಲ್ಲ. ಹಿಟ್ಟು ಒಂದು ರಾತ್ರಿ ಫ್ರಿಜ್ಜಿನಲ್ಲಿರಬೇಕು. 2 ಮಿಲಿಮೀಟರಿನಷ್ಟು ತೆಳ್ಳಗೆ ಲಟ್ಟಿಸಿ, 200 ಡಿಗ್ರಿಯಲ್ಲಿ ಐದೇ ನಿಮಿಷ. ಲಟ್ಟಿಸಲು ಜಾಗ? ಚಾಳಿನ ಖೋಲಿಯಲ್ಲಿ ಮಣೆ ಇಟ್ಟರೆ ಮಾವನವರು ಎದ್ದು ಗ್ಯಾಲರಿಗೆ ಹೋಗಬೇಕು. ಒವನ್? ಅದಕ್ಕೆ ಮುಂಬೈ ಬಹಳ ಹಿಂದೆಯೇ ಪರಿಹಾರ ಕಂಡಿದೆ: ದೀಪಾವಳಿಗೆ ಮೈದಾ, ತುಪ್ಪ, ಸಕ್ಕರೆ ಹೊತ್ತು ಬೇಕರಿಗೆ ಹೋಗಿ ನಾನ್‌ಖಟಾಯಿ ಸುಡಿಸಿಕೊಂಡು ಬರುವುದು. ಇಲ್ಲಿ 'ಮನೆಯಲ್ಲೇ ಮಾಡಿದ್ದು' ಎಂದರೆ ಹಿಟ್ಟು ನಮ್ಮದು, ಫ್ರಿಜ್ಜು ನೆರೆಯವರದು, ಬೆಂಕಿ ಬೇಕರಿಯವರದು. ಆ ಬೆಂಕಿಗೂ 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಗಡುವು ಕೊಟ್ಟಿತು: ಕಟ್ಟಿಗೆ, ಇದ್ದಿಲು ಬಿಟ್ಟು ಆರು ತಿಂಗಳಲ್ಲಿ ಗ್ಯಾಸಿಗೋ ಕರೆಂಟಿಗೋ ಬನ್ನಿ ಎಂದು. ಹೊಗೆಯ ದೃಷ್ಟಿಯಿಂದ ಸರಿಯೇ. ಆದರೆ ಮನೆಯ ಹಿಟ್ಟು ತಂದವರಿಗೆ ಹೊಸ ಒವನ್ನಿನಲ್ಲಿ ಒಂದು ತಟ್ಟೆಯ ಜಾಗ ಸಿಗುತ್ತದೆಯೇ ಎಂಬುದೇ ಈ ಪ್ರಬಂಧದ ಏಕೈಕ ಗಂಭೀರ ಪ್ರಶ್ನೆ.

ಶಾಸ್ತ್ರ ಇಷ್ಟಕ್ಕೆ ಮುಗಿಯದು. ಬಿಸ್ಕತ್ತನ್ನು ಅಂಗೈಯಲ್ಲಿಟ್ಟು, ಮನಸ್ಸಿನಲ್ಲಿ ಏನಾದರೂ ಕೋರಿಕೊಂಡು ಬೆರಳಿನಿಂದ ಒತ್ತಬೇಕು. ಮೂರು ಚೂರಾದರೆ ಕೋರಿಕೆ ಫಲಿಸುತ್ತದೆ ಎಂಬುದು ಸ್ವೀಡನ್ನಿನವರ ನಂಬಿಕೆ. ಗ್ರಾಂಟ್ ರೋಡ್ ಸಂಪ್ರದಾಯದವರು ಇದನ್ನು ಒಪ್ಪರು. ಮೂವರ ಸೀಟಿನಲ್ಲಿ ನಾಲ್ವರು ಕೂರುವ ಲೋಕಲ್ಲಿನಲ್ಲಿ ಬಿಸ್ಕತ್ತು ನಾಲ್ಕು ಚೂರಾಗಲೇಬೇಕು. ನಾಲ್ಕನೆಯದು ಕೊಂಚ ಚಿಕ್ಕದು, ಸೀಟಿನಂಚಿಗೆ. ಜುಲೈ ತಿಂಗಳಲ್ಲಂತೂ ಅದು ಚೂರಾಗುವುದೇ ಇಲ್ಲ, ಬಾಗುತ್ತದೆ. ಆಗ ಕೋರಿಕೆ ಸೊಸೈಟಿ ಕಮಿಟಿಯ ಪರಿಶೀಲನೆಯಲ್ಲಿದೆ ಎಂದು ತಿಳಿಯತಕ್ಕದ್ದು.

ಈ ಸಿದ್ಧಾಂತವನ್ನು ಖಂಡಿಸಬಯಸುವ ಪಂಡಿತರು ತಮ್ಮ ಸಾಕ್ಷ್ಯವನ್ನು ಗಾಳಿಯಾಡದ ಡಬ್ಬಿಯಲ್ಲಿ ಕಳುಹಿಸಬೇಕು. ಮೆತ್ತಗಾದ ಸಾಕ್ಷ್ಯವನ್ನು ಪರಿಗಣಿಸಲಾಗುವುದಿಲ್ಲ.