ಮೇಷ್ಟ್ರ ಮೌನಮೀಮಾಂಸೆ

ಅನ್ವೇಷಣಾಧಾರಿತ ಪ್ರಾಥಮಿಕ ಶಿಕ್ಷಣದಲ್ಲಿ ಶಿಕ್ಷಕರ ಪಾತ್ರವೇನು? ಪ್ರಾಚೀನರ ಮತದಂತೆ ಪ್ರಶ್ನೆ ಕೇಳುವ ಹಕ್ಕು ಮೇಷ್ಟ್ರದು, ಎದ್ದು ನಿಲ್ಲುವ ಹಕ್ಕು ಮಗುವಿನದು. ನವೀನರು ಇದನ್ನು ಖಂಡಿಸುತ್ತಾರೆ. ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾರಿದ ಮೇಲೆ ಮೇಷ್ಟ್ರು 'ಸುಗಮಕಾರ'ರಾದರು. ಸಂಬಳದ ಚೀಟಿಯಲ್ಲಿ ಮಾತ್ರ ಇನ್ನೂ 'ಸಹಶಿಕ್ಷಕ'ರೇ. ಅದಕ್ಕೂ ಮುಂಚೆ, 1995ರಲ್ಲೇ, ರಿಷಿವ್ಯಾಲಿ ಶಾಲೆಯ ಮಾದರಿಯಿಂದ ಸ್ಫೂರ್ತಿ ಪಡೆದು ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿ ಶುರುವಾದಾಗ ಶಿಕ್ಷಕರು ಕುರ್ಚಿಯಿಂದ ನೆಲಕ್ಕೆ ಇಳಿದಾಗಿತ್ತು. ಆಸನಪಲ್ಲಟವೇ ಜ್ಞಾನಪಲ್ಲಟದ ಪೂರ್ವರಂಗವೆಂಬುದು ನಮ್ಮ ಸಿದ್ಧಾಂತ. (ಮಂಡಿನೋವು ಇದಕ್ಕೆ ಪ್ರತ್ಯಕ್ಷ ಪ್ರಮಾಣ.)

ಇನ್ನು ಮೌನ. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಸುಮಾರು 1 ಸೆಕೆಂಡಷ್ಟೇ ಕಾಯುತ್ತಾರೆ, 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ 1970ರ ದಶಕದಲ್ಲಿ ತೋರಿಸಿಕೊಟ್ಟರು. ಮಿಕ್ಕ 2 ಸೆಕೆಂಡು ತುಟಿ ಬಿಗಿಹಿಡಿಯುವುದು ವಿಶ್ವಾಮಿತ್ರನಿಗೂ ಕಷ್ಟ.

ನಿದರ್ಶನ: ನಾಲ್ಕನೇ ತರಗತಿ, ಮುಳುಗುವ-ತೇಲುವ ವಸ್ತುಗಳು. ಟಬ್ಬಿಗೆ ಕಲ್ಲು, ಎಲೆ, ಮೊಳೆ ಬಿದ್ದಾಗಿದೆ. ಭಾರದ್ದು ಮುಳುಗುತ್ತದೆಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಗಿದೆ. ಅಷ್ಟರಲ್ಲಿ ಒಬ್ಬಳು ಬಿಸಿಯೂಟದ ಸ್ಟೀಲ್ ತಟ್ಟೆಯನ್ನು ಮೆಲ್ಲಗೆ ನೀರಿನ ಮೇಲಿಡುತ್ತಾಳೆ. ತೇಲುತ್ತದೆ. ಚಮಚ ಬಿಡುತ್ತಾಳೆ, ಬುಳಕ್ಕೆಂದು ತಳ ಸೇರುತ್ತದೆ. "ಮಿಸ್, ಚಮಚಕ್ಕಿಂತ ತಟ್ಟೇನೇ ಅಲ್ವಾ ಭಾರ?"

ಆ ಕ್ಷಣ ಶಿಕ್ಷಕಿಯ ನಾಲಿಗೆಯ ತುದಿಗೆ ಆರ್ಕಿಮಿಡೀಸ್ ಬಂದು ಕೂತಿರುತ್ತಾನೆ. ಅವನನ್ನು ನುಂಗಿಕೊಂಡು "ಹೌದಲ್ವೇ! ತಟ್ಟೇನ ಓರೆಯಾಗಿ ಬಿಟ್ಟು ನೋಡು" ಎನ್ನುವುದೇ ಶಿಕ್ಷಕಧರ್ಮದ ಪರಾಕಾಷ್ಠೆ. ಅಷ್ಟೂ ಹೇಳದೆ ಸುಮ್ಮನಿದ್ದರೆ ಅದನ್ನು ಶಾಸ್ತ್ರಕಾರರು ನಿದ್ರೆ ಎಂದು ವರ್ಗೀಕರಿಸುತ್ತಾರೆ.

ಆದರೆ ಪಾಠಯೋಜನೆಯನ್ನು ಮುಂಚಿತವಾಗಿ ಬರೆದಿಡಬೇಕಲ್ಲ! ಹಾಗಾಗಿ ಮಗು ನಾಳೆ ಹನ್ನೊಂದೂಕಾಲಿಗೆ ತಾನಾಗಿಯೇ ಪಡಲಿರುವ ಅಚ್ಚರಿಯನ್ನು ಸುಗಮಕಾರರು ಇಂದು ರಾತ್ರಿ ಊಟ ಮುಗಿಸಿ, ಸ್ಕೇಲಿನಿಂದ ಗೆರೆ ಎಳೆದು, ನೀಲಿ ಶಾಯಿಯಲ್ಲಿ ದಾಖಲಿಸುತ್ತಾರೆ. ತ್ರಿಕಾಲಜ್ಞಾನ ಋಷಿಗಳ ನಂತರ ಉಳಿದಿರುವುದು ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ಮಾತ್ರ. ತಟ್ಟೆಯ ಹುಡುಗಿಯೋ ಯೋಜನೆಯಲ್ಲಿಲ್ಲದ್ದನ್ನು ಕೇಳಿ ಆ ಕೀರ್ತಿಗೆ ಕಳಂಕ ತರುತ್ತಾಳೆ.

ಶಾಲಾಭೇಟಿಗೆ ಬಂದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸಾಹೇಬರು ಒದ್ದೆ ನೆಲ ದಾಟಿ ಬಂದು, ತೇಲುವ ತಟ್ಟೆಯನ್ನು ದಿಟ್ಟಿಸಿ, "ಇದು ಯಾವ ಕಲಿಕಾಫಲದಡಿ ಬರುತ್ತೆ ಮೇಡಂ?" ಎಂದು ಕೇಳುತ್ತಾರೆ. ಉತ್ತರಕ್ಕೆ ಅವರು ಕಾಯುವುದು 1 ಸೆಕೆಂಡು.